ದೇಸಾಯಿ ಭೇಷ್ ಅನ್ನದ ದಿನ

"ಗುರುಗಳೇ, ಲೋಭಿ ಸಾಹುಕಾರ, ಗಯ್ಯಾಳಿ ಅತ್ತೆ, ಕಪಟ ಬೈರಾಗಿ, ಇವರನ್ನೆಲ್ಲ ನನ್ನ ಕತೆಗಳಿಂದ ಹೊರಗೆ ಹಾಕಿಬಿಡಲೇ?" ಎಂದು ಫಕೀರಪ್ಪ ಕೇಳಿದ.

ಕತೆ ಕಟ್ಟುವುದನ್ನು ಕಲಿಯಲು ಅವನು ಗುರುಗಳ ಬಳಿ ಬಂದು ಮೂರು ವರ್ಷವಾಗಿತ್ತು. ಹಿಂದಿನ ದಿನ ತಾನು ಕಟ್ಟಿದ ಕತೆಯೊಂದನ್ನು ಊರವರ ಮುಂದೆ ಹೇಳಿದ್ದ. ಕತೆಯ ಸಾಹುಕಾರ ಬಾಯಿ ತೆರೆಯುವ ಮೊದಲೇ ಅವನು ಏನು ಹೇಳುತ್ತಾನೆಂದು ಕೇಳುಗರು ಹೇಳಿಬಿಡುತ್ತಿದ್ದರು. ಒಬ್ಬ ಅಜ್ಜನಂತೂ ಆಕಳಿಸಿ, ಮುಂದಿನದು ನನಗೆ ಗೊತ್ತಪ್ಪ ಎಂದು ಎದ್ದು ಹೋಗಿದ್ದ. ಅಂದಿನಿಂದ ಫಕೀರಪ್ಪನಿಗೆ ಊಟ ಸೇರಿರಲಿಲ್ಲ.

"ಅವರನ್ನು ಹೊರಗೆ ಹಾಕಿ ಯಾರನ್ನು ಒಳಗೆ ಕರೆಯುತ್ತೀಯ?" ಎಂದು ಗುರುಗಳು ಕೇಳಿದರು.

"ಯಾರ ಹಾಗೂ ಇಲ್ಲದವರನ್ನು. ಇಂಥವರು ಎಂದು ಯಾರೂ ಗುರುತಿಸಲಾಗದವರನ್ನು."

ಗುರುಗಳು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಹಚ್ಚಿ, ಮಡಿಚಿ, ದವಡೆಗೆ ಇಟ್ಟುಕೊಂಡು ಹೇಳತೊಡಗಿದರು.

ಒಂದು ಸೀಮೆಯಲ್ಲಿ ಒಬ್ಬ ವೇಷಗಾರನಿದ್ದ. ಹಗಲು ವೇಷ ಹಾಕುವುದು ಅವನ ಕುಲದ ಕಸುಬು. ಅದಕ್ಕೆ ರಂಗವಿಲ್ಲ, ಪರದೆಯಿಲ್ಲ. ನಡುಬೀದಿಯ ಬಿಸಿಲಿನಲ್ಲಿ, ಮಾರು ದೂರದಿಂದ ನೋಡುವವರ ಮುಂದೆ ಬೇರೊಬ್ಬನಾಗಬೇಕು. ಸುಲಭದ ಕೆಲಸ ಅಂದುಕೊಂಡವರು ಒಮ್ಮೆ ಸ್ವಂತ ಹೆಂಡತಿಯ ಮುಂದೆ ಮಾಡಿ ನೋಡಲಿ.

ಆ ಕಸುಬಿಗೊಂದು ಕಟ್ಟಳೆಯಿತ್ತು. ಊರಿಗೆ ಬಂದರೆ ಆರು ದಿನ ಆರು ವೇಷ. ಏಳನೆಯ ದಿನ ಮುಖ ತೊಳೆದು, ತಾನು ತಾನಾಗಿ ಮನೆಮನೆಗೆ ಹೋಗಿ ಕಾಳು ಬೇಡಬೇಕು. ಆರು ದಿನಗಳಲ್ಲಿ ಯಾರಾದರೂ ನಿಜವಾಗಿ ಮೋಸಹೋಗಿದ್ದರೆ, ಅವತ್ತು ಬಂದವನು ನಾನೇ ಎಂದು ಹೇಳಿ ಅವರ ಕಾಲು ಮುಟ್ಟಬೇಕು. ಹೇಳದೆ ಊರು ಬಿಟ್ಟರೆ ಅವನು ವೇಷಗಾರನಲ್ಲ, ಕಳ್ಳ.

ಈ ವೇಷಗಾರ ತನ್ನ ಕುಲದಲ್ಲೇ ಜಾಣ. ಅಮಲ್ದಾರರು ಹೇಗೆ ಕೆಮ್ಮುತ್ತಾರೆ, ಸಾಹುಕಾರರು ಹೇಗೆ ಕೂರುತ್ತಾರೆ, ವೈದ್ಯರು ನಾಡಿ ಹಿಡಿದಾಗ ಎತ್ತ ನೋಡುತ್ತಾರೆ, ಎಲ್ಲವೂ ಅವನಿಗೆ ಬಾಯಿಪಾಠ. ನೂರು ಜನರ ಮಾತು ಅವನ ನಾಲಗೆಯ ಮೇಲಿತ್ತು. ತನ್ನ ಮಾತು ಅಂತ ಒಂದೂ ಇರಲಿಲ್ಲ.

ಅವನ ಹೆಂಡತಿಗೆ ಏಳು ತಿಂಗಳಾಗಿತ್ತು. ಅವಳು ಎತ್ತಿನ ಗಾಡಿಯ ಕೆಳಗೆ ಹುಟ್ಟಿ, ಗಾಡಿಯ ಹಿಂದೆ ನಡೆದುಕೊಂಡೇ ಬೆಳೆದವಳು. ಗಂಡನನ್ನು ಏನೊಂದನ್ನೂ ಕೇಳಿದವಳಲ್ಲ. ಈ ಸಲ ಒಂದು ಕೇಳಿದಳು. "ಈ ಕೂಸಾದ್ರೂ ಒಂದು ಸೂರಿನ ಕೆಳಗ ಹುಟ್ಟಲಿ" ಅಂದಳು.

ಆಗಲಿ ಅನ್ನಬೇಕೆಂದೇ ವೇಷಗಾರನಿಗಿತ್ತು. ಆದರೆ ಬಾಯಲ್ಲಿ ಬಂದದ್ದೇ ಬೇರೆ. ರಾಜನ ಹಾಗೆ ಮೀಸೆ ತಿರುವಿ, ಕೈ ಎತ್ತಿ, "ಕೊಟ್ಟೆ! ಅರಮನೆಯನ್ನೇ ಕೊಟ್ಟೆ!" ಅಂದುಬಿಟ್ಟ. ಅವಳು ನಕ್ಕಳು. ನಕ್ಕ ಮೇಲೆ ಮುಖ ಆಚೆ ತಿರುಗಿಸಿದಳು. ಆ ತಿರುಗಿದ ಮುಖವನ್ನು ಅವನು ಅನೇಕ ದಿನ ಮರೆಯಲಿಲ್ಲ.

ಹೀಗಿರುವಾಗ ಅವರ ಗಾಡಿ ಒಂದು ದೊಡ್ಡ ಊರಿಗೆ ಬಂತು. ಆ ಊರಿನ ದೇಸಾಯಿ ವೇಷ ನೋಡುವ ಹುಚ್ಚಿನವನು. ಕಣ್ಣು ಬಹಳ ಚುರುಕು, ಆ ಚುರುಕಿನ ಮೇಲೆ ಅವನಿಗೆ ಜಂಬವೂ ಅಷ್ಟೇ ಇತ್ತು. ಕೆರೆಯ ದಂಡೆಯ ಮೇಲೆ ಅವನದೊಂದು ಸಣ್ಣ ಮನೆ ಖಾಲಿ ಬಿದ್ದಿತ್ತು. ವೇಷಗಾರ ದೇಸಾಯಿಯ ಮುಂದೆ ಕೈಮುಗಿದು, ಆಟ ಮೆಚ್ಚುಗೆಯಾದರೆ ಆ ಮನೆ ಇನಾಮು ಬೇಕು ಎಂದ.

"ಅಡ್ಡಾಡೂ ಮಂದಿಗಿ ಮನಿ ಯಾಕಪಾ?" ಎಂದು ದೇಸಾಯಿ ಕೇಳಿದ.

ನಿಜ ಹೇಳಬೇಕೆಂದೇ ವೇಷಗಾರ ಬಾಯಿ ತೆರೆದ. "ಬಣ್ಣದ ಪೆಟಗಿ ಮಳ್ಯಾಗ ತೋಯ್ತೈತ್ರಿ ಧಣಿ" ಎಂಬ ಮಾತು ಬಂತು. ಕೂತವರೆಲ್ಲ ಗೊಳ್ಳೆಂದು ನಕ್ಕರು.

ದೇಸಾಯಿಯೂ ನಕ್ಕ. "ಆತು. ಆರು ದಿನದಾಗ ಒಂದ ಸಲ ನನ್ನ ಕಣ್ಣಿಗಿ ಮಣ್ಣೆರಚು, ಮನಿ ನಿಂದು. ಗುರುತು ಹಿಡದರ ನಾ ಭೇಷ್ ಅಂತೀನಿ. ಭೇಷ್ ಅಂದ್ರ ಅವತ್ತಿನ ಆಟ ಮುಗೀತು" ಎಂದ.

ಮೊದಲ ದಿನ ವೇಷಗಾರ ಅಮಲ್ದಾರನಾಗಿ ಹೋದ. ಉದ್ದ ಕೋಟು, ಬೆಳ್ಳಿ ಹಿಡಿಯ ಬೆತ್ತ, ಬಾಗಿಲಲ್ಲೇ "ಯಾರಲ್ಲಿ!" ಎಂಬ ಗರ್ಜನೆ. ಆಳುಗಳು ಬೆಚ್ಚಿ ಎದ್ದು ನಿಂತರು. ದೇಸಾಯಿ ಮಾತ್ರ ಕೂತಲ್ಲೇ ತೊಡೆ ತಟ್ಟಿ, "ಭೇಷ್! ಅಮಲ್ದಾರ ಅಂದ್ರ ಹಿಂಗ ಇರಬೇಕು" ಅಂದ. ನೋಡು, ನಿಜವಾದ ಅಮಲ್ದಾರ ಬಂದಾಗ ಯಾರೂ ಹಾಗೆ ಅನ್ನುವುದಿಲ್ಲ.

ಎರಡನೆಯ ದಿನ ಬೈರಾಗಿಯಾದ. ಬೂದಿ, ಜಡೆ, ಅರೆಮುಚ್ಚಿದ ಕಣ್ಣು, ಒಂದು ಮಾತಿಗೆ ಮೂರು ನಿಟ್ಟುಸಿರು. ದೇಸಾಯಿ ಭೇಷ್ ಅಂದ. ಮೂರನೆಯ ದಿನ ವೈದ್ಯನಾಗಿ ಹೋಗಿ, ಬಾಗಿಲಲ್ಲಿ ಕೂತಿದ್ದ ಮುದುಕನ ನಾಡಿ ಹಿಡಿದು ಸೂರು ನೋಡುತ್ತ ನಿಂತಿದ್ದ. ಒಳಗಿನಿಂದಲೇ ಭೇಷ್ ಕೇಳಿಸಿತು.

ಹುಟ್ಟಿದಂದಿನಿಂದ ಆ ಒಂದು ಮಾತಿಗಾಗಿ ಬದುಕಿದವನು ಅವನು. ಈಗ ಅದು ಕಿವಿಗೆ ಬಿದ್ದರೆ ಎದೆ ಕುಸಿಯುತ್ತಿತ್ತು. ದಿನಾ ಸಂಜೆ ಗಾಡಿಯ ಬಳಿ ಬಂದಾಗ ಹೆಂಡತಿ ಏನಾಯಿತೆಂದು ಕೇಳುತ್ತಿರಲಿಲ್ಲ. ಕೇಳಿದ್ದರೇ ಚೆನ್ನಾಗಿತ್ತು.

ನಾಲ್ಕನೆಯ ದಿನ ಅವನಿಗೆ ರೋಸಿಹೋಯಿತು. ಅಮಲ್ದಾರ ಗೊತ್ತು, ಬೈರಾಗಿ ಗೊತ್ತು, ವೈದ್ಯ ಗೊತ್ತು. ಹಾಗಾದರೆ ಯಾರಿಗೂ ಗೊತ್ತಿಲ್ಲದವನಾಗಿ ಹೋಗುತ್ತೇನೆ ಎಂದು ಹಟ ತೊಟ್ಟ. ಒಂದು ಕಡೆಯ ಮೀಸೆ ಬೋಳಿಸಿದ. ಒಂದು ಕಾಲಿಗೆ ಜೋಡು, ಇನ್ನೊಂದಕ್ಕೆ ಗೆಜ್ಜೆ. ನಾಲ್ಕು ಸೀಮೆಯ ಮಾತನ್ನು ಕಲಸಿ ಆಡಿದ. ಹಿಮ್ಮುಖವಾಗಿ ನಡೆದ. ನಾಯಿಗಳು ಬೊಗಳಿದವು, ಹೆಂಗಸರು ಬಾಗಿಲು ಹಾಕಿಕೊಂಡರು. ದೇಸಾಯಿ ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ. ಭೇಷ್ ಅನ್ನಲಿಲ್ಲ. ಆಕಳಿಸಿ, "ಇವತ್ತ ಆರಾಮ ಇಲ್ಲೇನೋ ನಿನಗ?" ಎಂದು ಕೇಳಿ ಎದ್ದು ಒಳಗೆ ಹೋದ.

ಇಲ್ಲಿಗೆ ಬಂದಾಗ ಗುರುಗಳು ಫಕೀರಪ್ಪನ ಮುಖ ನೋಡಿದರು. ಫಕೀರಪ್ಪ ತಲೆ ತಗ್ಗಿಸಿ ಚಾಪೆಯ ಗರಿ ಕೀಳುತ್ತಿದ್ದ. ಗುರುಗಳು ಮುಂದುವರಿಸಿದರು.

ಐದನೆಯ ದಿನ ವೇಷಗಾರ ದೇಸಾಯಿಯ ವಾಡೆಯ ಕಡೆಗೇ ಹೋಗಲಿಲ್ಲ. ಉಳಿದ ಅರೆ ಮೀಸೆಯನ್ನೂ ಬೋಳಿಸಿಕೊಂಡು ಪಕ್ಕದೂರಿನ ಸಂತೆಗೆ ಹೋದ. ಮನೆ ಕೈತಪ್ಪಿದಂತೆಯೇ ಆಗಿತ್ತು. ಬಸುರಿಯ ಉಡಿ ತುಂಬುವ ಕುಬಸಕ್ಕೆ ಹೆಂಡತಿಯ ಕೈಗೆ ಹಸಿರು ಬಳೆಯನ್ನಾದರೂ ತೊಡಿಸೋಣ ಅಂದುಕೊಂಡ. ಬಳೆಗಾರ ಬಳೆಗೊಂಚಲುಗಳ ಮಲಾರ ಹರಡಿಕೊಂಡು ಕೂತಿದ್ದ. "ಕೈ ಅಳತಿ ಎಷ್ಟಪಾ?" ಎಂದು ಕೇಳಿದ.

ವೇಷಗಾರ ತಬ್ಬಿಬ್ಬಾದ. ಸೀಮೆಯ ಅಮಲ್ದಾರರೆಲ್ಲರ ಕೆಮ್ಮು ಗೊತ್ತಿದ್ದವನಿಗೆ ಹೆಂಡತಿಯ ಕೈಯ ಅಳತೆ ಗೊತ್ತಿರಲಿಲ್ಲ. ತನ್ನ ಬೆರಳುಗಳನ್ನೇ ಉಂಗುರ ಮಾಡಿ, ಸಣ್ಣದು ಮಾಡಿ, ದೊಡ್ಡದು ಮಾಡಿ, ಕೊನೆಗೆ ಗೊತ್ತಿಲ್ಲ ಎಂದು ಒಪ್ಪಿಕೊಂಡ. ಬಳೆಗಾರ ಒಳ್ಳೆಯವನು. ಮೂರು ಅಳತೆಯ ಬಳೆ ಕೊಟ್ಟು, ಸೇರಿದ್ದನ್ನು ಇಟ್ಟುಕೊಂಡು ಉಳಿದದ್ದು ತಂದುಕೊಡು ಎಂದ. ಆಗಲೇ ವೇಷಗಾರನಿಗೆ ನಾಳೆಯ ವೇಷವೂ ಹೊಳೆಯಿತು. ಅಜ್ಜನ ಕಾಲದ ಇನಾಮಿನ ಬೆಳ್ಳಿ ಕಡಗವನ್ನು ಬಳೆಗಾರನ ಬಳಿ ಒತ್ತೆಯಿಟ್ಟು, ಒಂದು ದಿನದ ಮಟ್ಟಿಗೆ ಅವನ ಮಲಾರವನ್ನೇ ಹೊತ್ತುಕೊಂಡು ಬಂದ.

ಗಾಡಿಯ ಬಳಿ ಹೆಂಡತಿಯ ಮುಂದೆ ಕೂತು ಬಳೆ ತೊಡಿಸಲು ಹೋದ. ನಡುವಿನ ಅಳತೆ ಸರಿಹೋಗುವಂತಿತ್ತು. ಅವಳು ಬಳೆಗಳನ್ನು ಪ್ರೀತಿಯಿಂದ ಮುಟ್ಟಿ ನೋಡಿ, ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು.

"ಈಗ ಬ್ಯಾಡ. ಎಂದರ ಒಂದಿನ ಸೂರಿನ ಕೆಳಗ ಕುಂತಾಗ ತೊಡಸ್ರಿ" ಅಂದಳು. ಸಿಟ್ಟಿನಿಂದ ಅಂದದ್ದಲ್ಲ, ನಗುನಗುತ್ತಲೇ ಅಂದದ್ದು. ಅವನು ಬಳೆಗಳನ್ನು ವಸ್ತ್ರದಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡ.

ಅತ್ತ ಆ ದಿನ ವಾಡೆಯಲ್ಲಿ ಬೇರೆಯೇ ಪೇಚಾಟ ನಡೆದಿತ್ತು. ದೇಸಾಯಿಯ ಹೆಂಡತಿಯ ಸೋದರಮಾವ ದೂರದೂರಿನ ಸಾಹುಕಾರ. ಎಷ್ಟೋ ವರ್ಷಗಳ ಮೇಲೆ, ಹೇಳಿ ಕಳಿಸದೆ ಬಂದಿದ್ದ. ಬೆರಳಿಗೆಲ್ಲ ಉಂಗುರ, ಮುಂದೆ ಹೊಟ್ಟೆ, ಬಂದವನೇ ಕಂಬದ ಬೆಲೆ ಎಷ್ಟು, ತೊಲೆಯ ಬೆಲೆ ಎಷ್ಟು ಎಂದು ವಿಚಾರಿಸತೊಡಗಿದ. ದೇಸಾಯಿ ಬೆಳಗಿನಿಂದ ವೇಷಗಾರನ ದಾರಿ ಕಾಯುತ್ತಿದ್ದ. "ಭೇಷ್! ಹೊಟ್ಟಿ ಭಾಳ ಚಲೋ ಕಟ್ಟೀಯಲೇ ಮಗನ" ಎಂದು ಎದ್ದು ಬಂದು ಆ ಹೊಟ್ಟೆಯನ್ನು ಎರಡು ಕೈಯಿಂದ ಹಿಡಿದು ಅಲ್ಲಾಡಿಸಿದ. ಹೊಟ್ಟೆ ಕಟ್ಟಿದ್ದಾಗಿರಲಿಲ್ಲ. ಸಾಹುಕಾರ ನೀರೂ ಮುಟ್ಟದೆ ಹೊರಟುಹೋದ. ದೇಸಾಯಿ ಅವತ್ತಿಡೀ ಹೆಂಡತಿಯ ಕಣ್ಣಿಗೆ ಬೀಳದೆ ತಿರುಗಿದ. ಇನ್ನು ಮೇಲೆ ಭೇಷ್ ಅನ್ನುವ ಮುಂಚೆ ಒಂದು ಗಳಿಗೆ ತಡೆಯಬೇಕು ಎಂದು ತನಗೆ ತಾನೇ ಹೇಳಿಕೊಂಡ. ಊರಿಗೆ ಊರೇ ಬಿದ್ದು ಬಿದ್ದು ನಗುತ್ತಿತ್ತು.

ಆರನೆಯ ದಿನ ಹೊತ್ತು ಇಳಿಯುವಾಗ ವೇಷಗಾರ ವಾಡೆಗೆ ಹೋದ. ಕೂದಲಿಗೆ ನರೆ ಬರಿಸಿದ್ದ, ಕುತ್ತಿಗೆಯನ್ನು ಮಲಾರದ ಭಾರಕ್ಕೆ ತಕ್ಕಷ್ಟು ಓರೆ ಮಾಡಿದ್ದ. ಹೆಣ್ಣುಮಕ್ಕಳು ಪಡಸಾಲೆಯಲ್ಲಿ ಸುತ್ತ ಕೂತರು. ಅವನು ಬಳೆಗಾರರೆಲ್ಲ ಆಡುವ ಮಾತನ್ನೇ ಆಡಿದ. ಕೈ ಸಡಿಲ ಬಿಡು ತಂಗಿ ಅಂದ, ನಿನ್ನ ಕೈಗೆ ಬಂದದ್ದು ಬಳೆಯ ಪುಣ್ಯ ಅಂದ. ಒಂದು ಬಳೆ ಚಿಟ್ಟೆಂದಾಗ, ಅಶುಭವೆಂದು ಒಡೆಯಿತು ಅನ್ನದೆ ಹೆಚ್ಚಿತು ಅಂದ. ಒಂದರಲ್ಲೂ ತಪ್ಪಿರಲಿಲ್ಲ.

ದೇಸಾಯಿ ತೂಗುಮಣೆಯ ಮೇಲೆ ಕೂತು ನೋಡುತ್ತಿದ್ದ. ಒಂದರಲ್ಲೂ ತಪ್ಪಿಲ್ಲದ್ದನ್ನು ನೋಡಿದರೆ ಅವನಿಗೆ ಅನುಮಾನ ಬರುತ್ತಿತ್ತು. ಭೇಷ್ ಎಂಬುದು ತುಟಿಯ ತುದಿಗೆ ಬಂತು. ನಿನ್ನೆಯ ಹೊಟ್ಟೆ ನೆನಪಾಗಿ ಒಂದು ಗಳಿಗೆ ತಡೆದ.

ಆ ಗಳಿಗೆಯಲ್ಲಿ ದೇಸಾಯಿಯ ಹೆಂಡತಿ ಬಳೆಗಾರನ ಸೊಂಟದ ವಸ್ತ್ರದಿಂದ ಇಣುಕುತ್ತಿದ್ದ ಹಸಿರು ಬಳೆಗಳನ್ನು ಕಂಡಳು. "ಅವನ್ನ ಕೊಡಪಾ. ನಮ್ಮ ಸೊಸೀಗಿ ಕುಬಸ ಐತಿ" ಅಂದಳು.

ವೇಷಗಾರನ ಕೈ ತಾನಾಗಿ ಆ ಗಂಟನ್ನು ಮುಚ್ಚಿತು. "ಇವು ಮಾರೂವಲ್ರಿ ತಾಯಿ."

"ಬಳೆಗಾರ ಅಂತೀ, ಬಳಿ ಮಾರೂವಲ್ಲ ಅಂತೀ. ಬೇಕಾದ್ದು ಕೇಳು, ಕೊಡ್ತೀನಿ."

ಅವನು ಏನೂ ಕೇಳಲಿಲ್ಲ. ತಲೆ ತಗ್ಗಿಸಿದ. ಮಾತು ನಿಂತು ನಿಂತು ಬಂತು. "ನನ್ನ ಹೇಣತಿಗಿ ತಂದಾವ್ರಿ ಇವು. ಏಳ ತಿಂಗಳಾತ್ರಿ. ನಿನ್ನೆ ತೊಡಸಾಕ ಹೋದೆ, ಕೈ ಹಿಂದಕ್ಕ ತಗೊಂಡ್ಳು. ಒಂದು ಸೂರಿನ ಕೆಳಗ ಕುಂತಾಗ ತೊಡಸ್ರಿ ಅಂದ್ಳು. ನಮಗ ಸೂರಿಲ್ರಿ ತಾಯಿ. ಊರ ಮಂದೀನೆಲ್ಲ ನೋಡಕೋತ ತಿರಗಿದೆ, ಮನ್ಯಾಕಿ ಕೈ ಅಳತಿ ನನಗ ಗೊತ್ತಿರಲಿಲ್ಲ. ಆಕಿ ಜನ್ಮದಾಗ ಒಂದ ಕೇಳಿದ್ಳರಿ. ಅದಕ್ಕೂ ನಾ ಚ್ಯಾಷ್ಟಿ ಮಾಡಿ ನಗಿಸಿದೆ."

ಅಷ್ಟು ಹೇಳಿ ಮಲಾರ ಎತ್ತಿಕೊಳ್ಳಲು ಹೋದ. ಹಗ್ಗ ಜಾರಿತು.

ದೇಸಾಯಿ ತೂಗುಮಣೆಯಿಂದ ಇಳಿದು ಬಂದ. ಜಾರಿದ ಹಗ್ಗವನ್ನು ತಾನೇ ಎತ್ತಿ ಅವನ ಹೆಗಲಿಗೆ ಹಾಕಿದ. "ಕೆರಿ ದಂಡಿ ಮ್ಯಾಲ ನಂದೊಂದು ಮನಿ ಖಾಲಿ ಐತಿ. ಒಬ್ಬ ವೇಷಗಾರಗ ಅಂತ ಇಟ್ಟಿದ್ದೆ. ಇವತ್ತಿಗಿ ಆರು ದಿನ ಆತು, ಹೊತ್ತು ಮುಣಗಾಕ ಬಂತು, ಆ ಮಗ ಬರಲಿಲ್ಲ. ನಿನ್ನ ಹೇಣತೀನ ಕರಕೊಂಡು ಬಾ. ಕೂಸು ಅಲ್ಲೇ ಹುಟ್ಟಲಿ" ಎಂದ.

ವೇಷಗಾರ ಕೈಮುಗಿದು ಹೊರಗೆ ಬಂದ. ತಾನು ಗೆದ್ದೆ ಎಂಬುದು ಅವನಿಗೆ ಹೊಳೆದದ್ದು ಊರ ಅಗಸೆಬಾಗಿಲು ದಾಟಿದ ಮೇಲೆ. ಹೊಳೆದಾಗ ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟ.

ಗಾಡಿಗೆ ಬಂದು ಹೆಂಡತಿಗೆ ಎಲ್ಲವನ್ನೂ ಹೇಳಿದ. ನಗಿಸಲು ಹೋಗಲಿಲ್ಲ, ಆದದ್ದನ್ನು ಆದ ಹಾಗೆ ಹೇಳಿದ. ಅವಳು ಬಹಳ ಹೊತ್ತು ಅವನ ಮುಖವನ್ನೇ ನೋಡಿದಳು. ಆಮೇಲೆ, "ನಾಳೆ ಹೋಗಿ ಹೇಳಿ ಬರ್ರಿ. ಆಮ್ಯಾಲ ಒಳಗ ಹೋಗೂಣು" ಅಂದಳು. ವೇಷಗಾರನಿಗೆ ಭಯವಿತ್ತು. ಬರೀ ಪಣ ಸೋತದ್ದಾದರೆ ದೇಸಾಯಿ ನಕ್ಕಾನು. ಆದರೆ ಮರುಗಿ ಕೊಟ್ಟದ್ದು ವೇಷಕ್ಕೆ ಎಂದು ತಿಳಿದರೆ ನಗುತ್ತಾನೆಯೇ? ಸುಮ್ಮನಿದ್ದರೆ ಮನೆ ಇದ್ದೇ ಇತ್ತು. ಸುಮ್ಮನಿರುವುದು ಕಟ್ಟಳೆಯಲ್ಲಿರಲಿಲ್ಲ.

ಏಳನೆಯ ದಿನ ಮುಖ ತೊಳೆದು ಹೋಗಿ ದೇಸಾಯಿಯ ಕಾಲು ಮುಟ್ಟಿ, "ನಿನ್ನೆ ಬಂದ ಬಳೆಗಾರ ನಾನ್ರಿ ಧಣಿ" ಎಂದ.

ದೇಸಾಯಿಯ ಮುಖ ಕೆಂಪಾಯಿತು. "ನಿನ್ನ ಹೇಣತಿ?" ಎಂದು ಕೇಳಿದ.

"ಖರೇನ ಅದಾಳ್ರಿ. ಏಳ ತಿಂಗಳೂ ಖರೇನ."

"ಆ ಹಸರ ಬಳಿ?"

"ಅವೂ ಖರೇನ್ರಿ."

"ಮತ್ತ ಸುಳ್ಳು ಯಾವುದೋ?"

"ಮಲಾರ ಅಷ್ಟ ಸುಳ್ಳ್ರಿ. ಅದು ಸಂತಿ ಬಳೆಗಾರಂದು."

ಮೊದಲು ದೇಸಾಯಿಯ ಹೆಗಲು ಅಲುಗಿತು, ಆಮೇಲೆ ಹೊಟ್ಟೆ, ಕೊನೆಗೆ ಕಣ್ಣಲ್ಲಿ ನೀರು ಬರುವವರೆಗೆ ನಕ್ಕ. ಆಗಲೂ ಭೇಷ್ ಅನ್ನಲಿಲ್ಲ. ಒಳಗೆ ತಿರುಗಿ ಹೆಂಡತಿಯನ್ನು ಕೂಗಿ, "ಕುಬಸಕ್ಕ ಕುಂಡ್ರಸಾಕ ಎರಡ ಮಣಿ ಹಾಕು. ನಮ್ಮ ಸೊಸಿಗಿ ಒಂದು, ಇವನ ಹೇಣತಿಗಿ ಒಂದು" ಎಂದ.

ಸಂತೆಯ ಬಳೆಗಾರ ತನ್ನ ಮಲಾರ ಕೇಳಿಕೊಂಡು ಬಂದವನು ಊಟಕ್ಕೆ ಉಳಿದ. ಎರಡೂ ಮಣೆಗಳನ್ನು ಕೆರೆಯ ದಂಡೆಯ ಮನೆಯಲ್ಲೇ ಹಾಕಿಸಿ ದೇಸಾಯಿಯ ಹೆಂಡತಿಯೇ ನಿಂತು ಉಡಿ ತುಂಬಿದಳು. ವೇಷಗಾರ ತನ್ನ ಕೈಯಿಂದಲೇ ಹಸಿರು ಬಳೆ ತೊಡಿಸಿದ. ಅಳತೆ ಸರಿಯಾಗಿ ಕೂತಿತು. ಎರಡು ತಿಂಗಳಿಗೆ ಹೆಣ್ಣು ಹುಟ್ಟಿತು, ಸೂರಿನ ಕೆಳಗೆ.

ಗುರುಗಳು ಎದ್ದು ಹೋಗಿ ಎಲೆ ಉಗುಳಿ ಬಂದು ಕೂತರು. ಫಕೀರಪ್ಪನ ಮುಖ ಅರಳಿತ್ತು. ನಿನ್ನೆಯಿಂದ ಹೊತ್ತಿದ್ದ ಭಾರ ಇಳಿದಂತೆ ಅವನು ಒಂದೇ ಉಸಿರಿನಲ್ಲಿ ಹೇಳಿದ.

"ತಿಳಿಯಿತು ಗುರುಗಳೇ. ಬಳೆಗಾರನಾಗಿ ಇದ್ದಷ್ಟು ಹೊತ್ತು ಅವನು ಸೋಲುತ್ತಲೇ ಇದ್ದ. ವೇಷ ಮರೆತು ತಾನು ತಾನಾದಾಗ ಗೆದ್ದ. ಅಂದಮೇಲೆ ನಾನು ಲೋಭಿ, ಗಯ್ಯಾಳಿ ಎಂಬ ವೇಷಗಳನ್ನೆಲ್ಲ ಬಿಸಾಡಿ ನನ್ನ ಮನಸ್ಸಿನದನ್ನು ನೇರವಾಗಿ ಹೇಳಬೇಕು, ಅಷ್ಟೇ ಅಲ್ಲವೇ?"

ಗುರುಗಳು ಅವನ ಕಡೆ ನೋಡಿ ಮೆಲ್ಲಗೆ ನಕ್ಕರು.

"ಹೆಗಲ ಮೇಲೆ ಬಳೆಗಾರನ ಮಲಾರ ಇಲ್ಲದಿದ್ದರೆ, ಆ ಮಾತನ್ನು ಅವನು ಜನ್ಮದಲ್ಲಿ ಯಾರ ಮುಂದೆಯೂ ಆಡುತ್ತಿರಲಿಲ್ಲ, ಫಕೀರಪ್ಪ."